ಸಿಟಿ ಬಸ್ಸಿನಿಂದ ಮತ್ತೆ ಲಾರಿಗೆ: ಹತ್ತುವ ಮೊದಲು ನೋಡಿಕೊಳ್ಳಬೇಕಾದ್ದು

ವರ್ಷಗಟ್ಟಲೆ ಬೆಂಗಳೂರಿನಲ್ಲಿ ಬಸ್ ಓಡಿಸಿದವರಿಗೆ ಸ್ಟೇರಿಂಗ್ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಶಿವಾಜಿನಗರದ ಇಕ್ಕಟ್ಟಿನಲ್ಲಿ 12 ಮೀಟರ್ ಗಾಡಿ ತಿರುಗಿಸುವವರ ಕೈಯಳತೆ ದೂರದೂರಿಗೆ ಲಾರಿ ಓಡಿಸುವ ಎಷ್ಟೋ ಲೈನ್ ಡ್ರೈವರ್‌ಗಳಿಗೂ ಇರುವುದಿಲ್ಲ. ತೊಂದರೆ ಬರುವುದು ಬೇರೆ ಎರಡು ಕಡೆಯಿಂದ. ಡಿಪೊದಲ್ಲಿ ಮೆಕ್ಯಾನಿಕ್, ಟೈರ್ ಸೆಕ್ಷನ್, ಕಂಟ್ರೋಲರ್ ಹಂಚಿಕೊಂಡು ಮಾಡುತ್ತಿದ್ದ ಕೆಲಸವೆಲ್ಲ ಲಾರಿಯಲ್ಲಿ ಒಬ್ಬನ ತಲೆಗೆ ಬರುತ್ತದೆ. ಎರಡನೆಯದು, ಬಸ್ಸಿನಲ್ಲಿ ಸರಿಯಾಗಿದ್ದ ಕೆಲವು ಅಭ್ಯಾಸಗಳೇ ಲಾರಿಯಲ್ಲಿ ಕೈ ಕೊಡುತ್ತವೆ. ಹಿಂದೆ ಲಾರಿ ಓಡಿಸಿದ ಅನುಭವ ಇದೆ ಎಂಬ ಧೈರ್ಯವನ್ನೂ ಪೂರ್ತಿ ನಂಬಬೇಡಿ. ಆಗಿನ ಲಾರಿಯೂ ಈಗಿನ ಲಾರಿಯೂ ಒಂದೇ ಅಲ್ಲ.

ಮೊದಲು ಡಿಎಲ್ ಕಾರ್ಡ್ ತಿರುಗಿಸಿ ನೋಡಿ

ಕಾರ್ಡಿನಲ್ಲಿ ಯಾವ ವರ್ಗದ ಗಾಡಿಗೆ ಅನುಮತಿ ಇದೆ, ಟ್ರಾನ್ಸ್‌ಪೋರ್ಟ್ ಅವಧಿ ಯಾವತ್ತು ಮುಗಿಯುತ್ತದೆ, ಇವೆರಡನ್ನು ಮೊದಲು ಓದಿಕೊಳ್ಳಿ. ಟ್ರಾನ್ಸ್ ಅಥವಾ ಹೆವಿ ಗೂಡ್ಸ್ ಎಂದು ನಮೂದಾಗಿದ್ದರೆ ಸರಿ. ಪ್ಯಾಸೆಂಜರ್ ವರ್ಗ ಮಾತ್ರ ಕಾಣುತ್ತಿದ್ದರೆ ಕೆಲಸಕ್ಕೆ ಸೇರುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ ಸರಿಪಡಿಸಿಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ಇದನ್ನು ಯಾರೂ ಕೇಳದೇ ಇರಬಹುದು, ಆದರೆ ಅಪಘಾತವಾದ ದಿನ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದೇ ಇದನ್ನು. ಬಸ್ಸಿಗೆ ಬೇಕಿದ್ದ ಬ್ಯಾಡ್ಜ್ ಸರಕು ಗಾಡಿಗೆ ಬೇಕಿಲ್ಲ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಟ್ರಾನ್ಸ್‌ಪೋರ್ಟ್ ಡಿಎಲ್‌ನ ಅವಧಿ 5 ವರ್ಷ. ಅದೇ ತಿದ್ದುಪಡಿ, ಅವಧಿ ಮುಗಿದ ಮೇಲೂ 30 ದಿನ ಓಡಿಸಬಹುದು ಎಂದಿದ್ದ ರಿಯಾಯಿತಿಯನ್ನು ತೆಗೆದುಹಾಕಿತು. ಹಳಬರಲ್ಲಿ ಅನೇಕರು ಇನ್ನೂ ಆ ತಿಂಗಳ ಲೆಕ್ಕದಲ್ಲೇ ಇದ್ದಾರೆ. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಟೆಸ್ಟ್ ಕೊಡಬೇಕು. ನವೀಕರಣಕ್ಕೆ ಫಾರಂ 1-ಎ ವೈದ್ಯಕೀಯ ಪ್ರಮಾಣಪತ್ರ ಬೇಕು. ಇದನ್ನು ಬರೀ ಸೀಲು ಹಾಕಿಸುವ ಶಾಸ್ತ್ರ ಮಾಡಿಕೊಳ್ಳಬೇಡಿ. ಬೀದಿದೀಪ ಇಲ್ಲದ ರಸ್ತೆಯಲ್ಲಿ ಎದುರು ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೆದ ಮೇಲೆ ದೃಷ್ಟಿ ಎಷ್ಟು ಬೇಗ ತಿಳಿಯಾಗುತ್ತದೆ ಎಂಬುದು ಸಿಟಿ ಡ್ಯೂಟಿಯಲ್ಲಿ ಗೊತ್ತೇ ಆಗಿರುವುದಿಲ್ಲ. ಕಣ್ಣು, ಬಿಪಿ, ಸಕ್ಕರೆ ಮೂರನ್ನೂ ನಿಜವಾಗಿ ಪರೀಕ್ಷೆ ಮಾಡಿಸಿ.

ದೇವನಗೊಂದಿ ಕಡೆಯ ಪೆಟ್ರೋಲ್, ಡೀಸೆಲ್ ಟ್ಯಾಂಕರ್ ಅಥವಾ ಕೆಮಿಕಲ್ ಗಾಡಿ ಹಿಡಿಯುವ ಯೋಚನೆ ಇದ್ದರೆ ಡಿಎಲ್‌ನಲ್ಲಿ ಅಪಾಯಕಾರಿ ಸರಕಿನ ನಮೂದು ಬೇಕು. ಅದಕ್ಕೆ ಮಾನ್ಯತೆ ಪಡೆದ ಕಡೆ 3 ದಿನದ ತರಬೇತಿ ಮುಗಿಸಿರಬೇಕು. ಅದರ ಅವಧಿ 3 ವರ್ಷ.

ಹಳೆಯ ಕೆಲಸ ಬಿಡುವಾಗ ರಿಲೀವಿಂಗ್ ಪತ್ರ, ಅನುಭವ ಪತ್ರ ಕೈಗೆ ತೆಗೆದುಕೊಳ್ಳಿ. ಪಿಎಫ್ ಹಣ ಪೂರ್ತಿ ಬಿಡಿಸಿಕೊಳ್ಳುವ ಆತುರ ಬೇಡ, ಪಿಎಫ್ ಖಾತೆಯ ಹಳೆಯ ಯುಎಎನ್ ಸಂಖ್ಯೆಯನ್ನೇ ಹೊಸ ಮಾಲೀಕರಿಗೆ ಕೊಡಿ. ಪಿಎಫ್ ಜೊತೆಗಿರುವ ಪಿಂಚಣಿ ಸಿಗಲು ಒಟ್ಟು 10 ವರ್ಷದ ಸೇವೆ ಬೇಕು.

ಯಾವ ಗಾಡಿಯಿಂದ ಶುರು ಮಾಡುವುದು

ಟಾಟಾ ಲಾರಿಗಳ ಬಾಗಿಲ ಮೇಲಿನ ಸಂಖ್ಯೆಯೇ ಅರ್ಧ ವಿಷಯ ಹೇಳುತ್ತದೆ. ಮೊದಲ ಎರಡು ಅಂಕಿ ಹೆಚ್ಚುಕಡಿಮೆ ಸರಕೂ ಸೇರಿ ಒಟ್ಟು ತೂಕ, ಟನ್ ಲೆಕ್ಕದಲ್ಲಿ. ಕೊನೆಯ ಎರಡಕ್ಕೆ ಸೊನ್ನೆ ಸೇರಿಸಿದರೆ ಹೆಚ್ಚುಕಡಿಮೆ ಎಂಜಿನ್ನಿನ ಹಾರ್ಸ್‌ಪವರ್. 2818 ಎಂದರೆ 28 ಟನ್, 180ರ ಆಸುಪಾಸು. 5530 ಎಂದರೆ 55 ಟನ್ ಎಳೆಯುವ, ಟ್ರೇಲರಿನ ಮುಂದಿನ ಎಂಜಿನ್ ಗಾಡಿ. ನೀವು ಓಡಿಸುತ್ತಿದ್ದ ಬಸ್ ಜನ ತುಂಬಿದಾಗ ಸುಮಾರು 16 ಟನ್ ಇದ್ದಿರುತ್ತದೆ. ಹಾಗಾಗಿ 6 ಚಕ್ರದ ಲಾರಿ ಕೈಗೆ ಬೇಗ ಒಗ್ಗುತ್ತದೆ, 10 ಚಕ್ರದ್ದು ಸ್ವಲ್ಪ ದಿನ ಹಿಡಿಯುತ್ತದೆ. ನೇರವಾಗಿ ಟ್ರೇಲರ್‌ಗೆ ಹೋಗುವುದು ನಮ್ಮ ಪ್ರಕಾರ ತಪ್ಪು, ಸಂಬಳ ಎಷ್ಟೇ ಹೆಚ್ಚಿರಲಿ.

ಮೊದಲ ಎರಡು ಮೂರು ತಿಂಗಳು ಹೋಗಿ ಬರುವ ಲೈನು ನೋಡಿಕೊಳ್ಳಿ: ತುಮಕೂರು, ಹಾಸನ, ಮೈಸೂರು, ಕೋಲಾರ, ಹೊಸೂರು, ಕೃಷ್ಣಗಿರಿ. ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಿಗೂ ನೆಲಮಂಗಲ, ಹೊಸಕೋಟೆಯ ಗೋದಾಮುಗಳಿಗೂ ಇಂಥ ಗಾಡಿ ದಿನವೂ ಬೇಕು. ಕಲಾಸಿಪಾಳ್ಯ, ಯಶವಂತಪುರದ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಟಿಪ್ಪರ್ ಮತ್ತು ಕಾಂಕ್ರೀಟ್ ಮಿಕ್ಸರ್ ಕೆಲಸ ಊರೊಳಗೇ ಇರುತ್ತದಾದರೂ ಟ್ರಿಪ್ ಎಣಿಕೆಯ ಒತ್ತಡ ಜೋರು. ಮಿಕ್ಸರ್ ಡ್ರಮ್ಮಿನಲ್ಲಿ ಕಾಂಕ್ರೀಟ್ ಒಂದು ಬದಿಗೆ ಏರಿಕೊಂಡು ತಿರುಗುವುದರಿಂದ ತಿರುವಿನಲ್ಲಿ ಪಲ್ಟಿ ಹೊಡೆಯುವ ಅಪಾಯ ಬೇರೆ.

ಬೆಳಗಿನ ಅರ್ಧ ಗಂಟೆ

ಡಿಪೊದಲ್ಲಿ ಲಾಗ್‌ಶೀಟಿನಲ್ಲಿ ದೋಷ ಬರೆದು ಕೊಟ್ಟರೆ ರಾತ್ರಿ ಯಾರೋ ನೋಡುತ್ತಿದ್ದರು. ಇಲ್ಲಿ ಬರೆಯುವವರೂ ನೀವೇ, ನೋಡುವವರೂ ನೀವೇ.

ಎಂಜಿನ್ ತಣ್ಣಗಿರುವಾಗಲೇ ಆಯಿಲ್, ಕೂಲಂಟ್, ಬೆಲ್ಟ್ ನೋಡಿ. ಸ್ಟಾರ್ಟ್ ಮಾಡಿ ಬ್ರೇಕಿನ ಟ್ಯಾಂಕಿಗೆ ಗಾಳಿ ಪೂರ್ತಿ ತುಂಬಲು ಬಿಡಿ. ತುಂಬಿದ ಮೇಲೆ ಚಕ್ರಕ್ಕೆ ತಡೆ ಕೊಟ್ಟು, ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಬ್ರೇಕ್ ಪೆಡಲ್ ಒತ್ತಿ ಹಿಡಿದು ಒಂದು ನಿಮಿಷ ಗಾಳಿ ಒತ್ತಡದ ಮುಳ್ಳು ನೋಡಿ. ಒತ್ತಿದ ತಕ್ಷಣ ಸ್ವಲ್ಪ ಇಳಿದು ನಿಂತರೆ ಸರಿ. ಇಳಿಯುತ್ತಲೇ ಹೋದರೆ ಎಲ್ಲೋ ಲೀಕ್ ಇದೆ. ಕಿಟಕಿ ತೆರೆದು ಕಿವಿಗೊಟ್ಟರೆ ಸುಯ್ ಎನ್ನುವ ಜಾಗ ತಿಳಿಯುತ್ತದೆ. ಗಾಳಿ ಟ್ಯಾಂಕಿನ ಅಡಿಯ ವಾಲ್ವ್ ಎಳೆದು ನೀರು ಬಿಡಿ. ಬರೀ ತೇವ ಬಂದರೆ ಪರವಾಗಿಲ್ಲ. ಕಂದು ಬಣ್ಣದ ಜಿಡ್ಡು ಬಂದರೆ ಕಂಪ್ರೆಸರ್ ಆಯಿಲ್ ಕಕ್ಕುತ್ತಿದೆ, ಏರ್ ಡ್ರೈಯರ್ ಕೂಡ ಬದಲಾಯಿಸುವ ಹಂತಕ್ಕೆ ಬಂದಿದೆ ಎಂದರ್ಥ.

ಟೈರಿನ ವಿಷಯಕ್ಕೆ ಬಂದರೆ, ಜೋಡಿ ಟೈರಿನ ಒಳಗಿನದು ಗಾಳಿ ಕಳೆದುಕೊಂಡರೂ ಹೊರಗಿನದು ಗಾಡಿಯನ್ನು ಎತ್ತಿ ಹಿಡಿದಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಒಂದೇ ಟೈರು ಎರಡರ ಭಾರ ಹೊತ್ತು ಬಿಸಿಯಾಗಿ ಐವತ್ತು ಅರವತ್ತು ಕಿಲೋಮೀಟರ್ ಆಚೆ ಸಿಡಿಯುತ್ತದೆ. ರಾಡು ತೆಗೆದುಕೊಂಡು ಎಲ್ಲ ಟೈರಿಗೂ ಒಂದೊಂದು ಏಟು ಹಾಕಿ. ಗಾಳಿ ಇದ್ದದ್ದು ಠಣ್ ಎಂದು ರಾಡನ್ನು ಎಗರಿಸುತ್ತದೆ, ಇಲ್ಲದ್ದು ದೊಪ್ ಎನ್ನುತ್ತದೆ. ಇದು ಅಂದಾಜಿಗಷ್ಟೇ. ವಾರಕ್ಕೊಮ್ಮೆ ಟೈರು ತಣ್ಣಗಿದ್ದಾಗ ಗೇಜ್ ಇಟ್ಟು, ಟೈರಿನ ಮೇಲೆ ಬರೆದಿರುವ ಮಿತಿ ಮತ್ತು ಕಂಪನಿ ಕೊಟ್ಟ ಪಟ್ಟಿಯ ಪ್ರಕಾರ ನೋಡಲೇಬೇಕು. ಜೋಡಿಯ ನಡುವೆ ಕಲ್ಲು ಸಿಕ್ಕಿದ್ದರೆ ಬಡಿದು ತೆಗೆಯಿರಿ. ವೀಲ್ ನಟ್ ಸುತ್ತ ತುಕ್ಕಿನ ಗೆರೆಗಳು ಸೂರ್ಯನ ಕಿರಣದ ಹಾಗೆ ಹೊರಕ್ಕೆ ಹರಡಿದ್ದರೆ ಆ ನಟ್ ಸಡಿಲವಾಗಿದೆ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಪಂಕ್ಚರ್ ಅಂಗಡಿಯವರು ಗಟ್ಟಿ ಮಾಡಿದ್ದೇನೆ ಎಂದರೂ ಸರಿಯೇ.

ಹಳೆಯ ಲಾರಿ ಡ್ರೈವರ್‌ಗಳಿಗೆ ನಿಜವಾಗಿ ಹೊಸದು ಬಿಎಸ್-6, ಅಂದರೆ ಹೊಗೆ ಮಾಲಿನ್ಯದ ಈಗಿನ ನಿಯಮಕ್ಕೆ ಬಂದ ಸಾಮಾನುಗಳು. 2020ರ ಏಪ್ರಿಲ್ 1ರಿಂದ ನೋಂದಣಿಯಾದ ಗಾಡಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕ್ ಇರುತ್ತದೆ. ಹೊಗೆ ಶುದ್ಧ ಮಾಡಲು ಅದರಲ್ಲಿ ತುಂಬುವ ದ್ರವವನ್ನು ಲೈನಿನಲ್ಲಿ ಎಲ್ಲರೂ ಯೂರಿಯಾ ಎನ್ನುತ್ತಾರೆ. ಅದರಲ್ಲಿರುವುದು 32.5 ಶೇಕಡ ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ನೂರು ಲೀಟರ್ ಡೀಸೆಲ್‌ಗೆ ಸುಮಾರು 5 ಲೀಟರ್ ಖರ್ಚಾಗುತ್ತದೆ. ಖಾಲಿ ಬಿಟ್ಟರೆ ಮೊದಲು ದೀಪ ಉರಿಯುತ್ತದೆ, ಆಮೇಲೆ ಎಂಜಿನ್ ತಾನಾಗಿ ಪವರ್ ಇಳಿಸುತ್ತದೆ. ತುಂಬಿದ ಗಾಡಿ ಏರು ಹತ್ತುವುದಿಲ್ಲ. ಉಳಿತಾಯಕ್ಕೆಂದು ನಲ್ಲಿ ನೀರು ಬೆರೆಸುವವರಿದ್ದಾರೆ. ಸೆನ್ಸರ್ ಅದನ್ನು ಹಿಡಿಯುತ್ತದೆ, ರಿಪೇರಿಯ ಬಿಲ್ಲು ಉಳಿಸಿದ್ದಕ್ಕಿಂತ ದೊಡ್ಡದಾಗಿರುತ್ತದೆ. ತಪ್ಪಿ ಯೂರಿಯಾ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ತಿರುಗಿಸಲೇಬೇಡಿ. ಪಂಪು, ಇಂಜೆಕ್ಟರ್‌ಗಳಿಗೆ ಹೋಗುವ ಮೊದಲೇ ಟ್ಯಾಂಕ್ ಬರಿದು ಮಾಡಿಸಬೇಕು. ಹೊಗೆ ಫಿಲ್ಟರಿನಲ್ಲಿ ಮಸಿ ತುಂಬಿ, ಗಾಡಿ ನಿಲ್ಲಿಸಿ ಅದನ್ನು ಸುಡಬೇಕೆಂದು ದೀಪ ಬಂದರೆ ಮುಂದೂಡಬೇಡಿ. ಆದರೆ ಆಗ ಸೈಲೆನ್ಸರ್ ವಿಪರೀತ ಕಾಯುತ್ತದೆ. ಒಣಹುಲ್ಲಿನ ಮೇಲೆ, ಪೆಟ್ರೋಲ್ ಬಂಕಿನ ಒಳಗೆ ಆ ಕೆಲಸ ಬೇಡ.

ಬಿಡಬೇಕಾದ ಬಸ್ ಅಭ್ಯಾಸಗಳು

ಮೊದಲನೆಯದು ಎಡಕ್ಕೆ ಎಳೆಯುವುದು. ಪ್ರತಿ ಸ್ಟಾಪಿನಲ್ಲೂ ಬಾಗಿಲನ್ನು ಫುಟ್‌ಪಾತಿಗೆ ತಾಗಿಸಿ ನಿಲ್ಲಿಸಿದ ಕೈ, ಹೈವೇಯಲ್ಲೂ ನಿಲ್ಲಿಸಬೇಕೆಂದ ಕೂಡಲೇ ಎಡಕ್ಕೆ ಸರಿಯುತ್ತದೆ. ಡಾಂಬರಿನ ಅಂಚಿನ ಆಚೆ ಮಣ್ಣು. ಮಳೆ ಬಿದ್ದ ಮಾರನೆಯ ದಿನ 28 ಟನ್ನಿನ ಎಡ ಚಕ್ರ ಅದರಲ್ಲಿ ಇಳಿದರೆ ಗಾಡಿ ಆ ಬದಿಗೇ ವಾಲುತ್ತದೆ, ಮೇಲೆ ಎತ್ತರದ ಲೋಡು ಇದ್ದರೆ ಮಲಗಿಯೇ ಬಿಡುತ್ತದೆ. ಲಾರಿ ನಿಲ್ಲಿಸಲು ಲೇ-ಬೈ (ಹೈವೇ ಪಕ್ಕದ ನಿಲುಗಡೆ ಜಾಗ), ಬಂಕು, ಡಾಬಾದ ಗಟ್ಟಿ ನೆಲ ಹುಡುಕಿ. ಚಕ್ರ ಇಳಿದೇ ಬಿಟ್ಟರೆ ಥಟ್ಟನೆ ಬಲಕ್ಕೆ ಎಳೆಯಬೇಡಿ. ವೇಗ ಇಳಿಸಿ, ನೇರವಾಗಿ ಸ್ವಲ್ಪ ಹೋಗಿ, ಅಂಚು ಸಮ ಇರುವಲ್ಲಿ ಹತ್ತಿಸಿ.

ಎರಡನೆಯದು ಬ್ರೇಕಿನ ಲೆಕ್ಕ. ಸಿಟಿಯಲ್ಲಿ 40 ವೇಗದ 16 ಟನ್ ಬಸ್ಸನ್ನು ನಿಲ್ಲಿಸಲು ಕಾಲಿಗೆ ಅಭ್ಯಾಸವಾಗಿದೆ. 28 ಟನ್ ಲಾರಿ 60ರಲ್ಲಿ ಹೋಗುವಾಗ ಬ್ರೇಕು ನುಂಗಬೇಕಾದ ಶಕ್ತಿ ಅದರ ಸುಮಾರು 4 ಪಟ್ಟು, ಏಕೆಂದರೆ ವೇಗ ಹೆಚ್ಚಿದಂತೆ ಶಕ್ತಿ ವರ್ಗದ ಲೆಕ್ಕದಲ್ಲಿ ಏರುತ್ತದೆ. 60ರ ವೇಗದಲ್ಲಿ ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ ಸುಮಾರು 17 ಮೀಟರ್ ಓಡಿರುತ್ತದೆ. ಬಸ್ಸಿನ ಹಾಗೆ ಮುಂದಿನ ಗಾಡಿಯ ಬಂಪರಿಗೆ ಅಂಟಿಕೊಂಡು ಹೋಗುವುದನ್ನು ಮೊದಲ ದಿನವೇ ಬಿಡಬೇಕು. ಖಾಲಿ ಲಾರಿಯೂ ಸುಲಭವಲ್ಲ. ಹಿಂದೆ ಭಾರವಿಲ್ಲದೆ ಚಕ್ರ ಕುಣಿಯುತ್ತದೆ, ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ.

ಮೂರನೆಯದು ಎತ್ತರ. ಬಸ್ಸು 3 ಮೀಟರಿಗೆ ಸ್ವಲ್ಪ ಮೇಲೆ, ಬಾಕ್ಸ್ ಬಾಡಿ ಲಾರಿ 4 ಮೀಟರ್ ಹತ್ತಿರಕ್ಕೆ ಬರುತ್ತದೆ. ಬಸ್ಸಿನಲ್ಲಿ ಸಾವಿರ ಸಲ ದಾಟಿದ ರೈಲ್ವೆ ಅಂಡರ್‌ಪಾಸ್ ಎಂಬ ನಂಬಿಕೆಯೇ ಇಲ್ಲಿ ಮೋಸ. ದಾರಿ ಗೊತ್ತಿರುವವರೇ ಹೆಚ್ಚಾಗಿ ಸಿಕ್ಕಿಬೀಳುವುದು, ಹೊಸಬರು ಬೋರ್ಡ್ ಓದುತ್ತಾರೆ. ಲೋಡಾದ ಮೇಲೆ ಟೇಪು ಹಿಡಿದು ಎತ್ತರ ಅಳೆದು ಡ್ಯಾಶ್‌ಬೋರ್ಡಿನ ಮೇಲೆ ಬರೆದಿಡಿ. ಮರದ ಕೊಂಬೆ, ಜೋತುಬಿದ್ದ ಕೇಬಲ್ಲುಗಳಿಗೂ ಇದೇ ಮಾತು.

ರಿವರ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಇಳಿದು ನೋಡಿ. ಹಿಂದೆ ನಿಂತು ವಿಸಿಲ್ ಹೊಡೆಯಲು ಕಂಡಕ್ಟರ್ ಇಲ್ಲ. ಕ್ಲೀನರ್ ಇದ್ದರೂ ಅವನು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲಿಸಿಬಿಡಿ.

ಗೇರಿಗೆ ಕೈ ಪಳಗಲು ಖಾಲಿ ಜಾಗದಲ್ಲಿ ಒಂದು ದಿನ ಇಡಿ. ದೊಡ್ಡ ಗಾಡಿಗಳ 9 ಸ್ಪೀಡ್ ಬಾಕ್ಸಿನಲ್ಲಿ ಅತಿ ನಿಧಾನದ ಒಂದು ಕ್ರಾಲರ್, 1ರಿಂದ 4 ಲೋ, 5ರಿಂದ 8 ಹೈ. ಕೆಲವದರಲ್ಲಿ ಗೇರ್ ಲಿವರಿನ ಗುಬ್ಬಿಯ ಮೇಲಿನ ಸ್ವಿಚ್ ಎತ್ತಿ ಹೈಗೆ ಹೋಗಬೇಕು. ಕೆಲವದರಲ್ಲಿ ಲಿವರನ್ನು ಅಂಗೈಯಿಂದ ಬಲಕ್ಕೆ ತಳ್ಳಬೇಕು. ಹೊಸದರಲ್ಲಿ ಆಗುವ ತಪ್ಪು ಒಂದೇ: 6ಕ್ಕೆ ಹಾಕಲು ಹೋಗಿ, ವೇಗದಲ್ಲಿರುವಾಗಲೇ ಕೈ ಲೋ ಕಡೆಗೆ ಜಾರುವುದು. ಎಂಜಿನ್ ಕಿರುಚುತ್ತದೆ, ಗೇರ್ ಬಾಕ್ಸಿನೊಳಗಿನ ಸಿಂಕ್ರೊ ರಿಂಗ್ ಹಾಳಾಗುತ್ತದೆ. ಏರಿನಲ್ಲಿ ಎಳೆತ ಸಾಯುವವರೆಗೆ ಕಾಯದೆ ಮೊದಲೇ ಒಂದು ಗೇರ್ ಇಳಿಸಿ. ಸಮ ರಸ್ತೆಯಲ್ಲಿ ಆರ್‌ಪಿಎಂ ಮೀಟರಿನ ಮುಳ್ಳು ಹಸಿರು ಪಟ್ಟಿಯಲ್ಲೇ ಇರಲಿ. ಡಿಪೊದಲ್ಲಿ ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿ.ಮೀ.) ಪಟ್ಟಿಗೆ ಹೆದರಿ ಕಲಿತ ಮೃದುವಾದ ಕಾಲು ಇಲ್ಲಿ ನಿಜವಾದ ಆಸ್ತಿ, ಮಾಲೀಕರು ಮೊದಲು ಗಮನಿಸುವುದೂ ಅದನ್ನೇ.

ಘಾಟಿ ಇಳಿಯುವುದು

ಬೆಂಗಳೂರಿನ ಬಸ್ ಡ್ರೈವರ್‌ಗೆ ಕೈ ಪೂರ್ತಿ ತಪ್ಪಿರುವ ಕೆಲಸ ಇದೊಂದೇ. ಸೇಲಂ ಕಡೆ ಹೋಗುವಾಗ ಧರ್ಮಪುರಿ ದಾಟಿದ ಮೇಲೆ ಬರುವ ತೊಪ್ಪೂರು ಇಳಿಜಾರು ನೋಡಲು ಅಗಲವಾದ ಹೈವೇ. ಶಿರಾಡಿಯಷ್ಟು ಬಿಗಿ ತಿರುವು ಇಲ್ಲದ್ದರಿಂದ ಘಾಟಿ ಎಂದೇ ಅನ್ನಿಸುವುದಿಲ್ಲ. ಲಾರಿಗಳು ಅಲ್ಲಿ ಬ್ರೇಕ್ ಕಳೆದುಕೊಂಡು ಮುಂದಿನ ಗಾಡಿಗಳಿಗೆ ನುಗ್ಗುವುದು ಪದೇ ಪದೇ ಆಗಿದೆ.

ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯಲೂ ಅದೇ, ಅಥವಾ ಅದಕ್ಕಿಂತ ಒಂದು ಕಡಿಮೆ. ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ. ಆಮೇಲೂ ವೇಗ ಏರಿದರೆ ಪೆಡಲನ್ನು ಗಟ್ಟಿಯಾಗಿ ಒತ್ತಿ, ಗಂಟೆಗೆ ಹತ್ತು ಕಿಲೋಮೀಟರ್‌ನಷ್ಟು ಇಳಿಸಿ, ಪೂರ್ತಿ ಬಿಡಿ. ಸಿಟಿಯಲ್ಲಿ ಮಾಡುವ ಹಾಗೆ ಪೆಡಲ್ ಮೇಲೆ ಕಾಲು ಸವರುತ್ತಾ ಇಳಿದರೆ ಡ್ರಮ್ಮು ತಣಿಯಲು ಸಮಯವೇ ಸಿಗದೆ ಕಾದು ಹಿಗ್ಗುತ್ತದೆ, ಲೈನರ್ ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂತೆಂದರೆ ಅರ್ಧ ತಡವಾಗಿದೆ. ಸಿಕ್ಕ ಗಟ್ಟಿ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ತಡೆ ಕೊಟ್ಟು ತಣಿಯಲು ಬಿಡಿ. ನೀರು ಸುರಿಯಬೇಡಿ, ಡ್ರಮ್ಮು ಬಿರುಕು ಬಿಡುತ್ತದೆ.

ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸುವ ಹಳೆಯ ಚಾಳಿಗೆ ಈಗ ಉಳಿತಾಯದ ನೆಪವೂ ಇಲ್ಲ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಡೀಸೆಲ್ಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡ್ಲಿಂಗ್‌ಗೆ ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಶಿರಾಡಿಯ ಮಾರನಹಳ್ಳಿಯಿಂದ ಅಡ್ಡಹೊಳೆವರೆಗಿನ ರಸ್ತೆ ಮಳೆಗಾಲದಲ್ಲಿ ಗುಡ್ಡ ಕುಸಿದು ಬಂದ್ ಆಗುವುದುಂಟು, ಸಕಲೇಶಪುರಕ್ಕೆ ಮೊದಲೇ ವಿಚಾರಿಸಿ. ಆಗುಂಬೆ ಕಡೆ ಭಾರಿ ಲಾರಿಗೆ ದಾರಿಯೇ ಇಲ್ಲ.

ಲೋಡು ಮತ್ತು ಕಾಗದ

ಜನ ತಾವೇ ಕಂಬಿ ಹಿಡಿದು ನಿಲ್ಲುತ್ತಾರೆ, ಸರಕು ನಿಲ್ಲುವುದಿಲ್ಲ. ಹಮಾಲಿಗಳು ತುಂಬುವಾಗ ಕ್ಯಾಬಿನ್‌ನಲ್ಲಿ ಮಲಗದೆ ಹತ್ತಿರ ನಿಂತು ನೋಡಿ. ಭಾರದ್ದು ಕೆಳಗೆ, ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ. ಎಲ್ಲ ಹಿಂದಕ್ಕೆ ಸೇರಿದರೆ ಸ್ಟೇರಿಂಗ್ ಹಗುರಾಗಿ ಗಾಡಿ ಮಾತು ಕೇಳುವುದಿಲ್ಲ. ಮುಂಭಾಗದ ಹಲಗೆಗೂ ಸರಕಿಗೂ ನಡುವೆ ಸಂದು ಬಿಡಬೇಡಿ, ಬ್ರೇಕ್ ಹಾಕಿದಾಗ ಸರಕು ಆ ಸಂದಿನಲ್ಲಿ ಓಡಿಬಂದು ಹೊಡೆಯುತ್ತದೆ. ಪೀಣ್ಯದ ಯಂತ್ರ, ಉಕ್ಕಿನ ಸುರುಳಿಗಳಿಗೆ ಹಗ್ಗ ಸಾಲದು, ಸರಪಳಿಯೂ ಅಡಿಗೆ ಮರದ ತಡೆಯೂ ಬೇಕು. ಹೊರಟ ಇಪ್ಪತ್ತು ಮೂವತ್ತು ಕಿಲೋಮೀಟರ್‌ಗೆ ಒಮ್ಮೆ ನಿಲ್ಲಿಸಿ ಹಗ್ಗ ಎಳೆದು ನೋಡಿ. ಕುಲುಕಾಟಕ್ಕೆ ಮೂಟೆ ಕುಸಿದು ಹಗ್ಗ ಸಡಿಲಾಗಿಯೇ ಆಗಿರುತ್ತದೆ.

ಗಾಡಿ ತೂಗಿಸಿದ ವೇ ಬ್ರಿಡ್ಜ್ ಚೀಟಿ ಇಲ್ಲದೆ ಹೊರಡಬೇಡಿ. 2018ರಲ್ಲಿ ಆಕ್ಸಲ್ ಮಿತಿ ಏರಿದೆ. ಹಾಗಿದ್ದರೂ ನಿಮ್ಮ ಗಾಡಿಯ ಆರ್‌ಸಿಯಲ್ಲಿ ಬರೆದ ತೂಕವೇ ಕೊನೆಯ ಮಾತು. ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000, ಜೊತೆಗೆ ಹೆಚ್ಚಿನ ಸರಕನ್ನು ಅಲ್ಲೇ ಇಳಿಸಬೇಕು. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ಕಾನೂನು ಓಡಿಸುವವರನ್ನೂ ಓಡಿಸಲು ಹೇಳಿದವರನ್ನೂ ಇಬ್ಬರನ್ನೂ ಹಿಡಿಯುತ್ತದೆ. ಮಾಲೀಕರು ನೋಡಿಕೊಳ್ಳುತ್ತಾರೆ ಎಂಬ ಮಾತಿಗೆ ಅಷ್ಟೇ ಬೆಲೆ.

ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಪತ್ರ), ಇನ್ಶೂರೆನ್ಸ್, ಪರ್ಮಿಟ್, ಎಮಿಷನ್, ಟ್ಯಾಕ್ಸ್ ಇವುಗಳ ತಾರೀಖನ್ನು ಗಾಡಿ ಮುಟ್ಟುವ ಮೊದಲೇ ಮೊಬೈಲಿನಲ್ಲಿ ಸರ್ಕಾರದ ಎಂಪರಿವಾಹನ್ ಆ್ಯಪ್ ತೆರೆದು ನೋಡಿ. ಸರಕಿನ ಜೊತೆ ಇನ್‌ವಾಯ್ಸ್, ಎಲ್‌ಆರ್ (ಟ್ರಾನ್ಸ್‌ಪೋರ್ಟ್‌ನವರು ಕೊಡುವ ಸರಕಿನ ರಸೀದಿ), ಮತ್ತು 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ (ಜಿಎಸ್‌ಟಿಯ ಸಾಗಣೆ ಪತ್ರ) ಇರಬೇಕು. ಅದರಲ್ಲಿ ನಿಮ್ಮ ಗಾಡಿ ನಂಬರ್ ಸರಿಯಿದೆಯೇ ಎಂದು ಒಂದೊಂದೇ ಅಕ್ಷರ ಓದಿ. ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಅಥವಾ ಅದರ ಭಾಗಕ್ಕೆ ಒಂದು ದಿನದ ಅವಧಿ. ಬೆಂಗಳೂರಿನಿಂದ ಹುಬ್ಬಳ್ಳಿ 400 ಕಿ.ಮೀ. ದಾಟುವುದರಿಂದ 3 ದಿನ ಸಿಗುತ್ತದೆ. ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆವರೆಗೆ ವಿಸ್ತರಿಸಬಹುದು, ಆ ಹೊತ್ತಿನೊಳಗೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ.

ಹಗಲಲ್ಲಿ ಬೆಂಗಳೂರಿನೊಳಗೆ ಭಾರಿ ಸರಕು ಗಾಡಿಗೆ ನಿಷೇಧವಿದೆ. ಗಂಟೆಗಳು ರಸ್ತೆಯಿಂದ ರಸ್ತೆಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತವೆ, ಟ್ರಾಫಿಕ್ ಪೊಲೀಸರ ಪ್ರಕಟಣೆ ನೋಡಿಕೊಳ್ಳಿ. ಬಸ್ ಲೇನಿನ ಹಕ್ಕೂ ಈಗ ನಿಮ್ಮದಲ್ಲ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ನೈಸ್ ರಸ್ತೆ. ಕೋಲಾರ ಕಡೆಗಾದರೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮೂಲಕ ಊರನ್ನೇ ಸುತ್ತಿಬಿಡುವುದು ಮೇಲು.

ನಿದ್ದೆ, ಸಂಬಳ, ಕೆಟ್ಟು ನಿಂತಾಗ

ಶೆಡ್ಯೂಲ್ ಮುಗಿದರೆ ಮನೆ ಎಂಬ ಲೆಕ್ಕ ಇಲ್ಲಿಲ್ಲ. ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48, ಸತತ 5 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ. ನೆಲದ ಮೇಲೆ ಇದು ನಡೆಯುವುದು ಕಡಿಮೆ, ಅದಕ್ಕೇ ಮೊದಲೇ ಮಾತಾಡಿಕೊಳ್ಳಬೇಕು. ಬೆಳಗಿನ ಜಾವ 2ರಿಂದ 5 ಅತ್ಯಂತ ಕೆಟ್ಟ ಹೊತ್ತು. ಟೀ ಕುಡಿದು ಮುಖ ತೊಳೆದರೆ ಹತ್ತು ನಿಮಿಷ ತಡೆಯಬಹುದು. ಇಪ್ಪತ್ತು ನಿಮಿಷ ಮಲಗಿದರೆ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾದ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ಎರಡು ಗಾಡಿಯ ಆಯ್ಕೆ ಇದ್ದರೆ ಹೊಸದನ್ನೇ ಕೇಳಿ, ಹಗಲು ನಿದ್ದೆ ಮಾಡುವವರಿಗೆ ಅದು ಐಷಾರಾಮವಲ್ಲ.

ತಿಂಗಳ ಸಂಬಳವೋ, ಟ್ರಿಪ್ಪಿನ ಮೇಲೋ, ಕಿಲೋಮೀಟರಿನ ಮೇಲೋ? ದಾರಿ ಖರ್ಚಿನ ಬಾಟಾ ಎಷ್ಟು, ಯಾವತ್ತು ಕೈಗೆ? ಲೋಡಿಗೆ ಕಾದು ನಿಂತ ದಿನಕ್ಕೆ ಏನು? ಪಂಕ್ಚರ್, ಹಮಾಲಿ, ದಂಡ, ಸರಕಿನಲ್ಲಿ ಕೊರತೆ ಯಾರ ತಲೆಗೆ? ಪಿಎಫ್, ಇಎಸ್‌ಐ ಇದೆಯೇ? ಇಷ್ಟನ್ನು ವಾಟ್ಸಾಪ್ ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ಬಸ್ಸಿನಲ್ಲಿ ಸಂಬಳದ ಚೀಟಿ ತಾನಾಗಿ ಬರುತ್ತಿತ್ತು, ಇಲ್ಲಿ ಕೇಳಿದವರಿಗೆ ಮಾತ್ರ ಬರುತ್ತದೆ.

ಗಾಡಿ ಕೆಟ್ಟು ನಿಂತರೆ ಮೊದಲು ಹಜಾರ್ಡ್ ದೀಪ, ಆಮೇಲೆ ಪ್ರತಿಫಲಿಸುವ ತ್ರಿಕೋನ, ಹಿಂದಿನಿಂದ ಬರುವವರಿಗೆ ನಿಲ್ಲಿಸಲು ಸಮಯ ಸಿಗುವಷ್ಟು ದೂರದಲ್ಲಿ. ತಿರುವಿದ್ದರೆ ತಿರುವಿಗೂ ಮೊದಲು. ಕಲ್ಲು, ಸೊಪ್ಪಿನ ಕೊಂಬೆ ಇಡುವ ಪದ್ಧತಿ ಬಿಡಿ. ರಿಪೇರಿ ಮುಗಿಸಿ ಹೊರಡುವವರು ಕಲ್ಲನ್ನು ಅಲ್ಲೇ ಮರೆತು ಹೋಗುತ್ತಾರೆ, ರಾತ್ರಿ ಬೈಕಿನವರು ಅದಕ್ಕೆ ಬೀಳುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹೆದ್ದಾರಿ ಸಹಾಯವಾಣಿ 1033ಕ್ಕೆ, ಗಾಯವಾಗಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ. ಸರಕನ್ನು ಬೇರೆ ಲಾರಿಗೆ ಬದಲಿಸುವುದಾದರೆ ಅದು ಹೊರಡುವ ಮೊದಲು ಇ-ವೇ ಬಿಲ್ಲಿನಲ್ಲಿ ಗಾಡಿ ವಿವರ ಇರುವ ಪಾರ್ಟ್ ಬಿ ಯಲ್ಲಿ ಹೊಸ ಗಾಡಿ ನಂಬರ್ ಹಾಕಿಸಿ, ತಾರ್ಪಲ್ ಬಿಚ್ಚುವ ಮೊದಲು ಮತ್ತು ಕಟ್ಟಿದ ಮೇಲೆ ಸರಕಿನ ಫೋಟೊ ತೆಗೆದು ಆಫೀಸಿಗೆ ಕಳಿಸಿ.